ಮೇಲಿನ ಪ್ಲಗ್ ಮೊದಲು: ಹೈಬ್ರಿಡ್ ಕಾರಿನ ಗೇರ್ ಆಯಿಲ್ ಮನೆಯಲ್ಲೇ ಬದಲಿಸುವುದು

ನನ್ನ ಕೆಲಸ ಕಾರವಾರದಲ್ಲಿ, ಅಮ್ಮ ಇರುವುದು ಶಿರಸಿ ಹತ್ತಿರದ ಊರಮನೆಯಲ್ಲಿ. ತಿಂಗಳಿಗೆ ಎರಡು ಸಲವಾದರೂ ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತುತ್ತೇನೆ. ಕಾರು 2014ರ ಟೊಯೊಟಾ ಕ್ಯಾಮ್ರಿ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಕರೆಂಟಿನ ಮೋಟಾರೂ ಇರುವಂಥದ್ದು), ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮೀಟರು 96,000 ದಾಟಿದಾಗ ಗೇರ್ ಆಯಿಲ್ ಬದಲಿಸೋಣ ಅಂತ ಗ್ಯಾರೇಜಿನಲ್ಲಿ ಕೇಳಿದೆ. ‘ಹೈಬ್ರಿಡ್‌ಗೆ ಅದೆಲ್ಲ ಬೇಡ ಸಾರ್, ಕಂಪನಿಯಿಂದ ಹಾಕಿದ್ದೇ ಕೊನೆ ತನಕ’ ಅಂದರು. ನನಗೆ ಸಮಾಧಾನ ಆಗಲಿಲ್ಲ. ಆ ಎಣ್ಣೆ ಒಳಗೆ ಏನು ಕೆಲಸ ಮಾಡುತ್ತದೆ ಅಂತ ಗೊತ್ತಾದರೆ ನಿಮಗೂ ಸಮಾಧಾನ ಆಗಲಿಕ್ಕಿಲ್ಲ.

ಟೊಯೊಟಾ ಹೈಬ್ರಿಡ್‌ನ ಗೇರ್‌ಬಾಕ್ಸಿಗೆ ಇ-ಸಿವಿಟಿ ಅಂತ ಹೆಸರು. ಆದರೆ ಸಾಮಾನ್ಯ ಸಿವಿಟಿಯಲ್ಲಿ, ಅಂದರೆ ಹಂತಹಂತದ ಗೇರಿಲ್ಲದ ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ, ಇರುವ ಬೆಲ್ಟು ಅದರಲ್ಲಿಲ್ಲ. ಕ್ಲಚ್ ಪ್ಲೇಟುಗಳಿಲ್ಲ, ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್ ಇಲ್ಲ. ಗ್ರಹಗಳ ಹಾಗೆ ಒಂದರ ಸುತ್ತ ಒಂದು ತಿರುಗುವ ಗೇರುಗಳು, ಜೊತೆಗೆ ಎರಡು ಮೋಟಾರು, ಅಷ್ಟೇ. ಘಟ್ಟ ಹತ್ತುವಾಗ ದೊಡ್ಡ ಮೋಟಾರು ಚಕ್ರ ತಿರುಗಿಸಲು ನೆರವಾಗುತ್ತದೆ. ಇಳಿಯುವಾಗ ಅದೇ ಮೋಟಾರು ಜನರೇಟರ್ ಆಗಿ ಬ್ಯಾಟರಿ ತುಂಬಿಸುತ್ತದೆ. ಅಂದರೆ ಎರಡೂ ಕಡೆ ಅದಕ್ಕೆ ದುಡಿಮೆ, ಎರಡೂ ಕಡೆ ಬಿಸಿ. ಒಳಗಿರುವ ಎಣ್ಣೆ ಗೇರಿಗೆ ಜಾರಿಕೆ ಕೊಡುವುದಷ್ಟೇ ಅಲ್ಲ, ಆ ಮೋಟಾರಿನ ತಾಮ್ರದ ಸುರುಳಿಯ ಬಿಸಿಯನ್ನೂ ಹೀರಿಕೊಳ್ಳಬೇಕು. ಕರೆಂಟು ಹರಿಯುವ ಸುರುಳಿಗೆ ತಾಗಿಕೊಂಡೇ ಇರುವುದರಿಂದ ಅದು ಕರೆಂಟು ಹಾಯಿಸದ ಎಣ್ಣೆಯೂ ಆಗಿರಬೇಕು.

ಹಾಗಾಗಿ ಎಣ್ಣೆಯ ಆಯ್ಕೆಯಲ್ಲಿ ರಾಜಿ ಬೇಡ. ನನ್ನ ಕಾರಿಗೆ ಬೇಕಾದದ್ದು ಟೊಯೊಟಾ ಎಟಿಎಫ್ ಡಬ್ಲ್ಯೂಎಸ್ ಅನ್ನುವ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ. ಅಂಗಡಿಯಲ್ಲಿ ‘ಇ-ಸಿವಿಟಿಗೆ’ ಅಂದರೆ ಸಿವಿಟಿ ಆಯಿಲ್ ಡಬ್ಬ ತಂದಿಡುತ್ತಾರೆ. ಅದು ಬೆಲ್ಟಿನ ಗೇರ್‌ಬಾಕ್ಸಿನದ್ದು, ತಗೊಳ್ಳಬೇಡಿ. ಬೇರೆ ಕಂಪನಿಯ ಹೈಬ್ರಿಡ್ ಆದರೆ ಓನರ್ಸ್ ಮ್ಯಾನ್ಯುಯಲ್‌ನ ಕೊನೆಯ ಪುಟಗಳಲ್ಲಿ ಎಣ್ಣೆಯ ಹೆಸರು ಮತ್ತು ಅಳತೆ ಇರುತ್ತದೆ. ಆ ಹೆಸರನ್ನು ಅಕ್ಷರ ಬಿಡದೆ ಬರೆದುಕೊಂಡು ಹೋಗಿ. ಅಳತೆಗಿಂತ ಒಂದು ಲೀಟರ್ ಜಾಸ್ತಿಯೇ ತನ್ನಿ. ಎಣ್ಣೆ ತುಂಬಿಸುವ, ಬಸಿಯುವ ಎರಡೂ ಪ್ಲಗ್‌ಗೆ ಹೊಸ ವಾಷರ್ ಕೂಡ ಮರೆಯಬೇಡಿ. ಕಾರು ಇನ್ನೂ ವಾರಂಟಿಯಲ್ಲಿದ್ದರೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಜಾಗಕ್ಕೆ ನಮ್ಮ ಊರಮನೆಯ ಅಂಗಳದಷ್ಟು ಚೆನ್ನಾಗಿದ್ದು ಕಾರವಾರದಲ್ಲಿ ನನಗೆ ಸಿಗಲಿಲ್ಲ. ಅಡಿಕೆ ಒಣಗಿಸಲು ಮಾಡಿದ ಗಟ್ಟಿ, ಸಪಾಟು ನೆಲ. ಆದರೆ ಕೊಯ್ಲು ಶುರುವಾದ ಮೇಲೆ ಅಂಗಳದಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ, ಅಲ್ವಾ? ಮಳೆಗಾಲದಲ್ಲಂತೂ ಆಗದ ಮಾತು. ಮಳೆ ಬಿಟ್ಟು ಅಡಿಕೆ ಹರಡುವ ಮೊದಲಿನ ಒಂದೆರಡು ವಾರ ನೋಡಿಕೊಂಡೆ. ಕೆಳಗೆ ಟಾರ್ಪಾಲು, ಅದರ ಮೇಲೆ ರಟ್ಟು ಹಾಸಿದೆ. ಅಡಿಕೆ ಒಣಗುವ ನೆಲಕ್ಕೆ ಒಂದು ಹನಿ ಎಣ್ಣೆ ಬಿದ್ದರೂ ಅಮ್ಮ ಸುಮ್ನೆ ಬಿಡುವವಳಲ್ಲ, ಬಿಡಲೂಬಾರದು.

ಕಾರು ಎತ್ತುವ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಎಲ್ಲರ ಮನೆ ಹಿತ್ತಲಲ್ಲೂ ಚಿರೆಕಲ್ಲು ಬಿದ್ದಿರುತ್ತದೆ. ಕಾರಿನ ಕೆಳಗೆ ಅದನ್ನು ಇಟ್ಟುಕೊಂಡವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಚಿರೆಕಲ್ಲು ಗೋಡೆಯಲ್ಲಿ ಎಷ್ಟೇ ಗಟ್ಟಿಯಾಗಿದ್ದರೂ ಒಂದೇ ಕಡೆ ಭಾರ ಬಿದ್ದರೆ ಪುಡಿಯಾಗುತ್ತದೆ, ಮುನ್ಸೂಚನೆ ಕೊಡುವುದಿಲ್ಲ. ಬರೀ ಜಾಕ್ ನಂಬಿ ಕೆಳಗೆ ಮಲಗುವುದೂ ಬೇಡ. ಎತ್ತಿದ ಕಾರಿನ ಭಾರ ಹೊರುವ ನಾಲ್ಕು ಜಾಕ್ ಸ್ಟ್ಯಾಂಡ್ ಬೇಕೇ ಬೇಕು. ಎಣ್ಣೆಯ ಮಟ್ಟ ಸರಿ ಸಿಗಬೇಕಾದರೆ ಕಾರು ನಾಲ್ಕೂ ಕಡೆ ಒಂದೇ ಎತ್ತರದಲ್ಲಿ ಇರಬೇಕು. ಮುಂದೆ ಮಾತ್ರ ಎತ್ತಿದರೆ ಲೆಕ್ಕ ತಪ್ಪುತ್ತದೆ. ಮಟ್ಟ ನೋಡಲು ನಾನು ಗಾರೆ ಕೆಲಸದವರ ಉಪಾಯ ಮಾಡಿದೆ. ಪಾರದರ್ಶಕ ಪೈಪಿಗೆ ನೀರು ತುಂಬಿ, ಒಂದು ತುದಿ ಮುಂದಿನ ಜಾಕ್ ಪಾಯಿಂಟ್ ಹತ್ತಿರ, ಇನ್ನೊಂದು ತುದಿ ಹಿಂದಿನದರ ಹತ್ತಿರ ಹಿಡಿದೆ. ಎರಡೂ ಕಡೆ ನೀರಿನಿಂದ ಬಾಡಿ ಅಂಚಿಗೆ ಒಂದೇ ಅಂತರ ಬರುವ ತನಕ ಸ್ಟ್ಯಾಂಡ್ ಹೊಂದಿಸಿದೆ. ಎಡಕ್ಕೂ ಬಲಕ್ಕೂ ಹಾಗೇ ನೋಡಿದೆ.

ಕೆಳಗೆ ಹೋಗುವ ಮೊದಲು ಇನ್ನೊಂದು ಮಾತು. ಹೈಬ್ರಿಡ್ ಕಾರು ಸದ್ದಿಲ್ಲದೆ ‘ರೆಡಿ’ಯಲ್ಲಿ, ಅಂದರೆ ಓಡಲು ತಯಾರಾಗಿ, ಇರಬಲ್ಲದು. ಬ್ಯಾಟರಿ ಕಡಿಮೆಯಾದರೆ ಎಂಜಿನ್ ತಾನಾಗಿ ಶುರುವಾಗುತ್ತದೆ, ಆಗ ನೀವು ಅದರ ಕೆಳಗೆ ಇರುತ್ತೀರಿ. ಪವರ್ ಆಫ್ ಮಾಡಿ. ಸ್ಮಾರ್ಟ್ ಕೀ ಜೇಬಿನಲ್ಲಿ ಬೇಡ, ದೂರ ಇಡಿ. ನಾನು ದೇವರ ಕೋಣೆಯಲ್ಲಿ ಇಟ್ಟು ಬಂದೆ. ಹೆಚ್ಚು ವೋಲ್ಟಿನ ಕಿತ್ತಳೆ ಬಣ್ಣದ ವೈರು ಎಲ್ಲೇ ಕಂಡರೂ ಮುಟ್ಟಬಾರದು. ನನ್ನ ಕಾರಿನ ದೊಡ್ಡ ಬ್ಯಾಟರಿ 244.8 ವೋಲ್ಟಿನದು. ಕಾರು ಓಡುವಾಗ, ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಹೊಂದಿಸಿ ಕೊಡುವ ಇನ್ವರ್ಟರ್ ಅದನ್ನು 650 ವೋಲ್ಟಿನ ತನಕ ಏರಿಸುತ್ತದೆ. ಎಣ್ಣೆ ಬದಲಿಸಲು ಆ ವೈರಿನ ಹತ್ತಿರ ಕೈ ಹೋಗುವ ಅಗತ್ಯವೇ ಇಲ್ಲ.

ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿದರೆ ಗೇರ್‌ಬಾಕ್ಸಿಗೆ ಎರಡು ಪ್ಲಗ್ ಕಾಣುತ್ತವೆ. ಬದಿಯಲ್ಲಿ ಮೇಲಿರುವುದು ತುಂಬಿಸಲು, ತಳದಲ್ಲಿರುವುದು ಬಸಿಯಲು. ಎಂಜಿನ್ ಆಯಿಲ್‌ನ ಪ್ಲಗ್ ಪಕ್ಕದಲ್ಲೇ ಇರುತ್ತದೆ, ಗಡಿಬಿಡಿಯಲ್ಲಿ ಅದನ್ನೇ ಬಿಚ್ಚಿದವರಿದ್ದಾರೆ. ಕೆಲವು ಮಾದರಿಗಳಲ್ಲಿ ಕೂಲಂಟ್ (ಬಿಸಿ ತಣಿಸುವ ದ್ರವ) ಬಸಿಯುವ ಪ್ಲಗ್ ಕೂಡ ಅಲ್ಲೇ ಇದೆ. ಟೊಯೊಟಾ ಕೂಲಂಟ್ ಗುಲಾಬಿ ಬಣ್ಣದ್ದು, ನೀರಿನ ಹಾಗೆ ತೆಳು. ಅದು ಬಂದರೆ ತಕ್ಷಣ ಮುಚ್ಚಿ.

ಮೇಲಿನ ಪ್ಲಗ್ ಮೊದಲು ಬಿಚ್ಚಿ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಹಿಂದಿನ ಕಾರಿನಲ್ಲಿ ಕೆಳಗಿನದನ್ನು ಮೊದಲು ಬಿಚ್ಚಿ ಎಣ್ಣೆ ಪೂರ್ತಿ ಬಸಿದೆ. ಆಮೇಲೆ ನೋಡಿದರೆ ಮೇಲಿನ ಪ್ಲಗ್ ಕಡಲ ಗಾಳಿಗೆ ತುಕ್ಕು ಹಿಡಿದು ಕೂತಿತ್ತು. ಆರು ಮೂಲೆಯ ಅಲೆನ್ ಕೀ ಪ್ಲಗ್‌ನ ಒಳಗೇ ತಿರುಗಿ ಮೂಲೆಗಳೆಲ್ಲ ಸವೆದುಹೋದವು. ಎಣ್ಣೆ ಇಲ್ಲದ ಕಾರು ಮೂರು ದಿನ ಅಲ್ಲೇ ನಿಂತಿತು. ಆ ಮೂರು ದಿನದಲ್ಲೇ ಅಮ್ಮನನ್ನು ಡಾಕ್ಟರ ಹತ್ತಿರ ಕರೆದೊಯ್ಯಬೇಕಿತ್ತು. ಪಕ್ಕದ ಮನೆಯವರ ಜೀಪು ಕೇಳಿದೆ. ಆ ಸಂಕಟ ಇನ್ನೂ ಮರೆತಿಲ್ಲ. ಈಗ ಹಿಂದಿನ ರಾತ್ರಿಯೇ ಎರಡೂ ಪ್ಲಗ್‌ಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುತ್ತೇನೆ. ಬೆಳಿಗ್ಗೆ ಸುತ್ತಲಿನ ಮಣ್ಣು, ಮರಳನ್ನು ಬ್ರಷ್‌ನಿಂದ ತೆಗೆದು ಬಟ್ಟೆಯಲ್ಲಿ ಒರೆಸುತ್ತೇನೆ. ಕೆಲವು ಮಾದರಿಗೆ 10 ಎಂಎಂ ಅಲೆನ್ ಬೇಕು, ಕೆಲವಕ್ಕೆ 24 ಎಂಎಂ ಸಾಕೆಟ್. ಮೊದಲೇ ಬಗ್ಗಿ ನೋಡಿಕೊಂಡು ಸರಿಯಾದದ್ದನ್ನು ತನ್ನಿ. ಮೇಲಿನದು ಬರಲೇ ಇಲ್ಲವೋ, ಕೆಳಗಿನದನ್ನು ಮುಟ್ಟಬೇಡಿ. ಕಾರು ಇಳಿಸಿ ಗ್ಯಾರೇಜಿಗೆ ಓಡಿಸಿಕೊಂಡು ಹೋಗಬಹುದು.

ಘಟ್ಟ ಹತ್ತಿ ಬಂದ ಕೂಡಲೇ ಎಣ್ಣೆ ಸುಡುತ್ತದೆ. ಎರಡು ತಾಸು ಬಿಟ್ಟು, ಉಗುರುಬೆಚ್ಚಗಿದ್ದಾಗ ಬಸಿಯಿರಿ. ನನ್ನ ಜೊತೆ ಅಕ್ಕನ ಮಗ ಇದ್ದ. ಹೊಸ ಡಬ್ಲ್ಯೂಎಸ್ ಕೆಂಪಗೆ, ಕೋಕಂ ಪಾನಕದ ಹಾಗೆ ಕಾಣುತ್ತದೆ. ನಮ್ಮದು ಕಾಫಿ ಡಿಕಾಕ್ಷನ್ ಬಣ್ಣದಲ್ಲಿ ಇಳಿಯಿತು. ಬೆರಳಲ್ಲಿ ಉಜ್ಜಿ ನೋಡಿದೆ. ನುಣ್ಣಗಿನ ಬೂದು ಮಸಿ ಅಂಟಿದರೆ ಚಿಂತೆ ಇಲ್ಲ. ಚುಚ್ಚುವಂಥ ಲೋಹದ ಚೂರು ಸಿಕ್ಕರೆ ತಿಳಿದವರಿಗೆ ತೋರಿಸಬೇಕು.

ಹನಿ ನಿಲ್ಲುವ ತನಕ ಕಾಯಿರಿ. ಆಮೇಲೆ ಹೊಸ ವಾಷರ್ ಹಾಕಿ ಕೆಳಗಿನ ಪ್ಲಗ್ ಬಿಗಿಮಾಡಿ. ಗೇರ್‌ಬಾಕ್ಸಿನ ಮೈ ಅಲ್ಯುಮಿನಿಯಂ, ಬಲ ಹಾಕಿದರೆ ತೂತಿನ ಒಳಗಿನ ಮರೆ (ತಿರುಪಿನ ಸುತ್ತುಗೆರೆ) ಹಾಳಾಗಿ ಹೋಗುತ್ತದೆ. ಎಷ್ಟು ಬಿಗಿಯಾಯಿತು ಅಂತ ತಿಳಿಸುವ ಟಾರ್ಕ್ ರೆಂಚ್ ಇಟ್ಟು ನಿಮ್ಮ ಮಾದರಿಗೆ ಹೇಳಿದಷ್ಟೇ ಬಿಗಿಯಿರಿ. ಬಸಿದದ್ದನ್ನು ಖಾಲಿ ಲೀಟರ್ ಬಾಟಲಿಗಳಿಗೆ ತುಂಬಿ ಅಳೆಯಿರಿ. ನಮ್ಮದರಲ್ಲಿ ಮೂರೂವರೆ ಲೀಟರ್ ದಾಟಿತು.

ತುಂಬಿಸಲು ಪಂಪೇನೂ ಬೇಡ. ಬಾನೆಟ್ ಎತ್ತಿ, ಮೇಲಿಂದ ಉದ್ದದ ಪೈಪು ಇಳಿಬಿಟ್ಟು ತುದಿಯನ್ನು ತೂತಿಗೆ ಸಿಕ್ಕಿಸಿ, ಮೇಲೆ ಆಲಿಕೆ ಇಡಿ. ಪೈಪು ಹೊಸದೇ ಬೇಕು. ಮಟ್ಟ ನೋಡಿದ ಪೈಪನ್ನು ಒರೆಸಿ ಬಳಸೋಣ ಅನ್ನಿಸುತ್ತದೆ, ಆದರೆ ಒಳಗೆ ಉಳಿದ ನೀರಿನ ಹನಿ ಆ ಮೋಟಾರಿನ ಹತ್ತಿರ ಹೋಗಬಾರದು. ನಿಧಾನ ಹೊಯ್ಯಿರಿ, ಪೈಪು ಸಪೂರ ಇದ್ದರೆ ಅರ್ಧ ತಾಸು ಹಿಡಿದೀತು. ನಾನು ಮೇಲೆ ಹೊಯ್ಯುತ್ತಿದ್ದೆ, ಅಕ್ಕನ ಮಗ ಕೆಳಗೆ ಟಾರ್ಚ್ ಹಿಡಿದು ಮಲಗಿದ್ದ. ‘ಮಾವಾ, ನಿಲ್ಸು ನಿಲ್ಸು, ಬಂತು’ ಅಂತ ಕೂಗಿದ. ಇಳಿದು ಹೋಗಿ ಕಿರುಬೆರಳನ್ನು ತೂತಿನೊಳಗೆ ಹಾಕಿ ಕೆಳಕ್ಕೆ ಬಗ್ಗಿಸಿದೆ, ಅಂಚಿನ ಹತ್ತಿರವೇ ಎಣ್ಣೆ ತಾಗಿತು. ತೂತಿನ ಕೆಳ ಅಂಚಿಗೆ ಸಮ, ಇಲ್ಲವೇ ಹೆಚ್ಚೆಂದರೆ 10 ಎಂಎಂ ಕೆಳಗೆ ಇದ್ದರೆ ಸರಿ. ಜಾಸ್ತಿಯಾದದ್ದು ತಾನೇ ಹೊರಗೆ ಬರುತ್ತದೆ. ಅದು ನಿಂತ ಮೇಲೆ ಪ್ಲಗ್ ಮುಚ್ಚಿ.

ಕಾರು ಇಳಿಸಿ ಬನವಾಸಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆವು. ಮಾರನೇ ದಿನ ಕೆಳಗೆ ಒಣ ರಟ್ಟು ಇಟ್ಟು ನೋಡಿದೆ, ಒಂದು ಹನಿಯೂ ಇರಲಿಲ್ಲ. ಮತ್ತೊಮ್ಮೆ ಎತ್ತಿ ಮಟ್ಟ ನೋಡಿಕೊಂಡೆ. ಮುಂದಿನದ್ದು ಇನ್ನು 80,000 ಕಿಲೋಮೀಟರ್ ಆದ ಮೇಲೆ ಅಂತ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಘಟ್ಟದ ಓಡಾಟಕ್ಕೆ ಅಷ್ಟು ಸಾಕು ಅನ್ನುವುದು ನನ್ನ ಲೆಕ್ಕ.

ಹಳೇ ಎಣ್ಣೆಯನ್ನು ಬೇಲಿ ಗೂಟಕ್ಕೆ ಹಚ್ಚಲು ಪಕ್ಕದ ಮನೆಯವರು ಕೇಳಿದರು, ಗೆದ್ದಲು ಬರುವುದಿಲ್ಲ ಅಂತ. ಜೀಪು ಕೊಟ್ಟು ನೆರವಾದವರು, ಇಲ್ಲ ಅನ್ನುವುದು ಕಷ್ಟವಾಯಿತು. ಆದರೂ ಕೊಡಲಿಲ್ಲ. ಅವರ ಬೇಲಿಯಿಂದ ನಮ್ಮ ಬಾವಿಗೆ ಹತ್ತು ಮಾರೂ ಇಲ್ಲ, ಮೊದಲ ಮಳೆಗೆ ಅದೆಲ್ಲ ಕೆಳಗೆ ಇಳಿಯುತ್ತದೆ. ಬಾಟಲಿಗಳ ಮುಚ್ಚಳ ಬಿಗಿದು ಡಿಕ್ಕಿಯಲ್ಲಿಟ್ಟುಕೊಂಡು, ಹಳೇ ಆಯಿಲ್ ಒಟ್ಟುಮಾಡಿ ಮರುಬಳಕೆಗೆ ಕಳಿಸುವ ಕಾರವಾರದ ಒಂದು ಗ್ಯಾರೇಜಿಗೆ ಕೊಟ್ಟು ಬಂದೆ.