ಕಂಪನಿ ಬಿಟ್ಟು ಸರ್ಕಾರಿ ಕಡತ ಹಿಡಿದಾಗ

ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ನಾನು ಖರೀದಿ ವಿಭಾಗದ ಮುಖ್ಯಸ್ಥನಾಗಿದ್ದೆ. ಅದನ್ನು ಬಿಟ್ಟು ನಮ್ಮ ಭಾಗದ ಒಂದು ಸರ್ಕಾರಿ ಸಂಸ್ಥೆಗೆ ಗುತ್ತಿಗೆ ಮೇಲೆ ಹೋದೆ. ಅಲ್ಲೂ ಖರೀದಿಯೇ. ಸಂಬಳ ಮಾತ್ರ ಚೆನ್ನಾಗಿ ಇಳಿಯಿತು. "ಏನಪಾ, ನೀನೂ ನೀಲೇಕಣಿ ಆಗಾಂವೇನು?" ಅಂತ ಗೆಳೆಯರು ಕಾಡಿಸಿದರು. ಧಾರವಾಡದಲ್ಲಿ ಓದಿದ ನಂದನ್ ನೀಲೇಕಣಿ 2009ರಲ್ಲಿ ಇನ್ಫೋಸಿಸ್ ಬಿಟ್ಟು ಆಧಾರ್ ಪ್ರಾಧಿಕಾರದ ಅಧ್ಯಕ್ಷರಾದರಲ್ಲ, ಅದಕ್ಕೆ. ಅವರು ಹೋಗಿದ್ದು ಸಂಪುಟ ಸಚಿವರ ದರ್ಜೆಯಲ್ಲಿ. ನನಗೆ ಸಿಕ್ಕಿದ್ದು ಒಂದು ಟೇಬಲ್, ಒಂದು ಲಾಗಿನ್.

ಕಂಪನಿಯಲ್ಲಿ ಫೋನಿನಲ್ಲೇ ಚೌಕಾಸಿ ಮಾಡಿ ಸಂಜೆಯೊಳಗೆ ಆರ್ಡರ್ ಕಳಿಸುತ್ತಿದ್ದೆ. ಇಲ್ಲಿ ಸರ್ಕಾರಿ ಖರೀದಿಗೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಇದೆ, ಎಲ್ಲರ ಬಾಯಲ್ಲೂ ಅದು ಇಂಗ್ಲಿಷ್ ಹೆಸರಿನ ಚುಟುಕು ರೂಪ, ಕೆಟಿಪಿಪಿ. ನಾನು ಸೇರಿದಾಗಿನ ನಿಯಮದಲ್ಲಿ 2 ಕೋಟಿ ರೂಪಾಯಿವರೆಗಿನ ಟೆಂಡರ್ ಸಲ್ಲಿಸೋಕೆ ವ್ಯಾಪಾರಿಗಳಿಗೆ ಕನಿಷ್ಠ 30 ದಿನ, ಅದಕ್ಕೂ ಮೇಲಿನದಕ್ಕೆ 60 ದಿನ ಕೊಡಬೇಕಿತ್ತು. ಹೊರಗಿನವರಿಗೆ ಇದು ಸೋಮಾರಿತನ ಅನಿಸುತ್ತೆ. ಆದರೆ ದುಡ್ಡು ಜನರದ್ದು, ಗದಗಿನ ಸಣ್ಣ ವ್ಯಾಪಾರಿಗೂ ಕಾಗದಪತ್ರ ಹೊಂದಿಸಿಕೊಳ್ಳೋಕೆ ಟೈಮ್ ಬೇಕಲ್ವಾ?

ನನಗೆ ಕೆಲಸ ಕಲಿಸಿದವರು ಮೇಲಿನ ಸಾಹೇಬರಲ್ಲ, ಕಡತ ನೋಡಿಕೊಳ್ಳುವ ಗುಮಾಸ್ತರು, ಅಂದರೆ ಕೇಸ್ ವರ್ಕರ್. ಬೇರೆ ಇಲಾಖೆಯಿಂದ ಎರವಲು ಸೇವೆ ಮೇಲೆ ಬಂದಿದ್ದ ಪ್ರಥಮ ದರ್ಜೆ ಸಹಾಯಕರು. ಮೀಟಿಂಗಿನಲ್ಲಿ ಎಲ್ಲರೂ ಒಪ್ಪಿದ ವಿಷಯವನ್ನು ನಾನು ಎರಡು ಸಾಲಿನಲ್ಲಿ ಬರೆದು ಕೊಟ್ಟರೆ, ಅವರು ಕಡತ ತಿರುಗಿ ನನ್ನ ಮುಂದೆ ಇಟ್ಟರು. "ಸರ, ಇದನ್ನ ಯಾಕ ತಗೊಂಡ್ರಿ ಅಂತ ಆಡಿಟ್‌ನ್ಯಾವ್ರು ನಾಕ್ ವರ್ಷ ಬಿಟ್ಟು ಕೇಳ್ತಾರ್ರಿ. ಆವಾಗ ನೀವ್ ಇರಂಗಿಲ್ಲ, ನಾ ಇರ್ತೇನಿ." ಇದಕ್ಕಿಂತ ಒಳ್ಳೆ ತರಬೇತಿ ನನಗೆ ಯಾರೂ ಕೊಟ್ಟಿಲ್ಲ. ಅವತ್ತಿನಿಂದ ಟಿಪ್ಪಣಿಯಲ್ಲಿ ಎಲ್ಲ ಬರೆಯತೊಡಗಿದೆ: ಯಾಕೆ ಬೇಕು, ಬೇರೆ ದಾರಿ ಏನಿತ್ತು, ಅದನ್ನು ಯಾಕೆ ಬಿಟ್ಟೆವು, ಹಣ ಬಜೆಟ್ಟಿನ ಯಾವ ಲೆಕ್ಕಶೀರ್ಷಿಕೆಯಿಂದ. ಸಹಿ ಹಾಕುವವರಿಗೆ ಧೈರ್ಯ ಬರೋದು ನಮ್ಮ ಮಾತಿನಿಂದ ಅಲ್ಲ, ಈ ಸಾಲುಗಳಿಂದ. ನಡುವೆ ಮೇಲಧಿಕಾರಿಗೆ ವರ್ಗ ಆಯ್ತು. ಹೊಸಬರು ನನ್ನನ್ನು ಕರೆಸಲೂ ಇಲ್ಲ, ಟಿಪ್ಪಣಿ ಓದಿ ಸಹಿ ಹಾಕಿ ಕಳಿಸಿದರು.

ಕಡಿಮೆ ದರದವನಿಗೇ ಕೆಲಸ, ಹಾಗಾಗಿ ಕಳಪೆ ಮಾಲು ಅಂತ ಜನ ಬೈಯುತ್ತಾರೆ. ಅರ್ಧ ನಿಜ. ಟೆಂಡರಿಗೆ ಎರಡು ಲಕೋಟೆ: ತಾಂತ್ರಿಕ ಅರ್ಹತೆಯದ್ದು ಒಂದು, ದರದ್ದು ಇನ್ನೊಂದು. ದರದ ಲಕೋಟೆ ತೆರೆದ ಮೇಲೆ ಗುಣಮಟ್ಟದ ಮಾತಾಡಿದರೆ ಪ್ರಯೋಜನವಿಲ್ಲ. ಅದನ್ನು ಟೆಂಡರ್ ಪುಸ್ತಕದಲ್ಲೇ ಕೂರಿಸಬೇಕು. ಬೀದಿದೀಪದ ಖರೀದಿಯಲ್ಲಿ ಮಾನ್ಯತೆ ಪಡೆದ ಲ್ಯಾಬಿನ ಪರೀಕ್ಷಾ ವರದಿ, ವರ್ಷಗಳ ವಾರಂಟಿ, ಕೆಟ್ಟರೆ ಎಷ್ಟು ಗಂಟೆಯಲ್ಲಿ ಸರಿಮಾಡಬೇಕು, ತಡವಾದರೆ ಎಷ್ಟು ಕಡಿತ, ಎಲ್ಲವನ್ನೂ ಮೊದಲೇ ಬರೆದೆವು. ತಾಂತ್ರಿಕ ಲಕೋಟೆಯಲ್ಲಿ ಪಾಸಾದವರ ದರ ಮಾತ್ರ ತೆರೆಯೋದು. ಹಾಗಂತ ಒಂದೇ ಕಂಪನಿಗೆ ಒಪ್ಪುವಂತೆ ಷರತ್ತು ಹೆಣೆದರೆ ಅದು ಬೇರೆಯೇ ಆಟ. ಅದಕ್ಕೇ ಷರತ್ತುಗಳ ಬಗ್ಗೆ ವ್ಯಾಪಾರಿಗಳು ಪ್ರಶ್ನೆ ಕೇಳುವ, ಟೆಂಡರಿಗೆ ಮುಂಚಿನ ಸಭೆಯನ್ನು ನಾನು ಗಂಭೀರವಾಗಿ ತಗೊಂಡೆ. ವ್ಯಾಪಾರಿಗಳು ಅಲ್ಲಿ ಜಗಳ ಆಡಿದಷ್ಟೂ ಒಳ್ಳೆಯದು. ಆಮೇಲೆ ಕೋರ್ಟಿಗೆ ಹೋಗೋದು ಕಡಿಮೆ.

ಕಂಪನಿಯಿಂದ ಬಂದವನಿಗೆ ಮಾತ್ರ ಕಾಣುವ ಒಂದು ವಿಷಯವೂ ಇತ್ತು. ಒಳ್ಳೆ ವ್ಯಾಪಾರಿಗಳು ಸರ್ಕಾರಿ ಟೆಂಡರಿಗೆ ಬರಲ್ಲ. ಯಾಕಂದ್ರೆ ಬಿಲ್ಲಿನ ಹಣ ಯಾವಾಗ ಬರುತ್ತೋ ಗೊತ್ತಿಲ್ಲ. ಆ ಕಾಯುವಿಕೆಯ ಬಡ್ಡಿಯನ್ನೂ ಸೇರಿಸಿಯೇ ಉಳಿದವರು ದರ ಹಾಕ್ತಾರೆ. ಬಿಲ್ ಯಾರ ಟೇಬಲಿನಲ್ಲಿ ಎಷ್ಟು ದಿನದಿಂದ ಇದೆ ಅನ್ನೋ ಪಟ್ಟಿಯನ್ನು ಪ್ರತಿ ಸೋಮವಾರದ ಸಭೆಗೆ ತರತೊಡಗಿದೆ. ಯಾರನ್ನೂ ಬೈಯಲಿಲ್ಲ, ಸುಮ್ನೆ ಓದಿದೆ. ಕಡತ ಓಡತೊಡಗಿದವು.

ನನ್ನ ಹಳೆ ಕಂಪನಿಗೆ ಮಾಲು ಕೊಡುತ್ತಿದ್ದವರೊಬ್ಬರು ಒಮ್ಮೆ ನಮ್ಮ ಟೆಂಡರಿಗೆ ಬಂದರು. ಇವರ ಪರಿಚಯ ನನಗಿದೆ, ಮೌಲ್ಯಮಾಪನದಿಂದ ನನ್ನನ್ನು ಬಿಡಿ ಅಂತ ಕಡತದಲ್ಲೇ ಬರೆದು ಕೊಟ್ಟೆ. ಅವರಿಗೆ ಕೆಲಸ ಸಿಗಲಿಲ್ಲ. ಮದುವೆ ಮನೆಗಳಲ್ಲಿ ಎದುರಾದರೆ ಈಗಲೂ ಮುಖ ತಿರುಗಿಸ್ತಾರೆ.

ಕೇಂದ್ರ ಸರ್ಕಾರ 2018ರಲ್ಲಿ ಜಂಟಿ ಕಾರ್ಯದರ್ಶಿಯ 10 ಹುದ್ದೆಗೆ ನನ್ನಂಥ, ಸರ್ಕಾರಿ ಸೇವೆಯ ಹೊರಗಿನವರನ್ನು ಕರೆದಿತ್ತು. 2024ರ ಆಗಸ್ಟಿನಲ್ಲಿ 45 ಹುದ್ದೆಗೆ ಕರೆದು, ಮೀಸಲಾತಿ ಇಲ್ಲ ಅನ್ನೋ ವಿರೋಧ ಬಂದಾಗ ಜಾಹೀರಾತನ್ನೇ ವಾಪಸ್ ಪಡೆಯಿತು. ಆ ವಿರೋಧದಲ್ಲಿ ನ್ಯಾಯ ಇತ್ತು ಅಂತಲೇ ನನ್ನ ಅಭಿಪ್ರಾಯ. ಕಂಪನಿ ಬಿಟ್ಟು ಸರ್ಕಾರಕ್ಕೆ ಹೋಗಬೇಕು ಅನ್ನುವ ಹುಡುಗರು ನನ್ನನ್ನು ಕೇಳಿದರೆ, ಸಂಬಳದ ಮಾತಿಗಿಂತ ಮೊದಲು ಎಷ್ಟು ರೂಪಾಯಿವರೆಗೆ ಸಹಿ ಅಧಿಕಾರ ಕೊಡ್ತಾರೆ ಅಂತ ಬರವಣಿಗೆಯಲ್ಲಿ ಕೇಳು ಅಂತೀನಿ.