ಅಣು ಸ್ಥಾವರದ ಒಳಗಿನ ಕಾವಲು: ಹೆಲ್ತ್ ಫಿಸಿಕ್ಸ್ ವಿಭಾಗದಲ್ಲಿ ನನ್ನ ಅನುಭವ

ಕೈಗಾದಲ್ಲಿ ಕೆಲಸ ಮಾಡಿದವನು ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಬಂದೂಕಿನ ಬಗ್ಗೆ. ಸಿಐಎಸ್‌ಎಫ್ ಜವಾನರು ಎಷ್ಟಿದ್ದಾರೆ, ಎಷ್ಟು ಸುತ್ತು ಬೇಲಿ, ಕಾಡಿನ ಕಡೆಯಿಂದ ಯಾರಾದರೂ ನುಗ್ಗಿದರೆ ಏನು ಗತಿ? ಬೇಲಿಯೂ ಇದೆ, ಜವಾನರೂ ಇದ್ದಾರೆ, ಅದರ ವಿವರ ನಾನು ಹೇಳುವಂಥದ್ದಲ್ಲ. ಆದರೆ ಅದೆಲ್ಲ ತಡೆಯುವುದು ಪಾಸಿಲ್ಲದವನನ್ನು. ಕೊರಳಿಗೆ ಪಾಸು ಹಾಕಿಕೊಂಡು, ಜವಾನನಿಗೆ ನಮಸ್ಕಾರ ಹೇಳಿ, ದಿನಾ ಒಳಗೆ ಬರುವವನ ಮನಸ್ಸಿನಲ್ಲಿ ಏನಿದೆ ಎಂದು ಯಾವ ಗೇಟಿಗೂ ತಿಳಿಯದು. ಅವನನ್ನು ಹಿಡಿಯುವುದು ದಿನನಿತ್ಯದ ಅಳತೆ, ಎಣಿಕೆ ಮತ್ತು ರಿಜಿಸ್ಟರ್. ವಿಕಿರಣದಿಂದ ನೌಕರರನ್ನು ಕಾಯುವ ಹೆಲ್ತ್ ಫಿಸಿಕ್ಸ್ ವಿಭಾಗದಲ್ಲಿ ಇಷ್ಟು ವರ್ಷ ಕಳೆದ ಮೇಲೆ ನನಗೆ ಇದರಲ್ಲಿ ಅನುಮಾನವೇ ಉಳಿದಿಲ್ಲ.

ನಮ್ಮ ಕೆಲಸದ ದೊಡ್ಡ ಪಾಲು ಟ್ರಿಶಿಯಂ, ಅಂದರೆ ವಿಕಿರಣ ಸೂಸುವ ಜಲಜನಕ. ಕೈಗಾದ ನಾಲ್ಕೂ ಘಟಕಗಳು ತಲಾ 220 ಮೆಗಾವ್ಯಾಟ್‌ನ ಭಾರಜಲ ರಿಯಾಕ್ಟರ್‌ಗಳು. ರಿಯಾಕ್ಟರಿನೊಳಗೆ ಭಾರಜಲದಲ್ಲಿರುವ ಡ್ಯೂಟೀರಿಯಂ (ಭಾರವಾದ ಜಲಜನಕ) ನ್ಯೂಟ್ರಾನ್ ನುಂಗಿ ಟ್ರಿಶಿಯಂ ಆಗುತ್ತದೆ. ಅದರ ಅರ್ಧಾಯುಷ್ಯ 12.3 ವರ್ಷ. ಅದು ಹೊರಸೂಸುವ ಬೀಟಾ ಕಣ ಎಷ್ಟು ದುರ್ಬಲ ಎಂದರೆ ಚರ್ಮವನ್ನೂ ದಾಟದು. ಅದೇ ತೊಂದರೆ. ಎದೆಯ ಮೇಲೆ ಧರಿಸುವ, ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್‌ಗೆ ಅದು ಕಾಣುವುದಿಲ್ಲ, ಕೈಯಲ್ಲಿ ಹಿಡಿಯುವ ಮೀಟರಿಗೂ ಕಾಣುವುದಿಲ್ಲ. ಆದರೆ ಟ್ರಿಶಿಯಂ ಬೆರೆತ ನೀರೇ ಉಸಿರಿನಲ್ಲೋ, ಚರ್ಮದ ಮೂಲಕವೋ, ಕುಡಿಯುವ ನೀರಿನಲ್ಲೋ ಒಳಗೆ ಹೋದರೆ ದೇಹದ ನೀರಿನ ಜೊತೆ ಪೂರ್ತಿ ಬೆರೆತುಬಿಡುತ್ತದೆ. ಕಂಡುಹಿಡಿಯಬೇಕಾದರೆ ಮೂತ್ರ ಪರೀಕ್ಷೆಯೇ ಆಗಬೇಕು.

ಹಾಗಾಗಿ ನನ್ನ ಬೆಳಗು ಶುರುವಾಗುತ್ತಿದ್ದುದು ಬಾಟಲಿಗಳ ಸಾಲಿನ ಮುಂದೆ. ಪ್ರತಿ ಬಾಟಲಿಗೆ ಒಂದು ಟೋಕನ್ ನಂಬರ್, ಕೊಟ್ಟ ಹೊತ್ತು, ಹಿಂದಿನ ಸಲ ರಿಯಾಕ್ಟರ್ ಕಟ್ಟಡದೊಳಗೆ ಹೋದ ದಿನ. ಒಂದಿಷ್ಟು ಮೂತ್ರವನ್ನು ಪಿಪೆಟ್‌ನಲ್ಲಿ ತೆಗೆದು ವಯಲ್‌ಗೆ ಹಾಕಿ, ವಿಕಿರಣ ತಾಗಿದರೆ ಮಿನುಗುವ ಸಿಂಟಿಲೇಷನ್ ದ್ರಾವಣ ಸೇರಿಸಿ ಕುಲುಕಿ, ಕತ್ತಲಲ್ಲಿ ಸ್ವಲ್ಪ ಹೊತ್ತು ಇಡಬೇಕು. ಇಡದಿದ್ದರೆ ರಾಸಾಯನಿಕ ಬೆಳಕೇ ಕೌಂಟ್ ಆಗಿ ಸುಳ್ಳು ಲೆಕ್ಕ ಬರುತ್ತದೆ. ಆಮೇಲೆ ಆ ಮಿನುಗುಗಳನ್ನು ಎಣಿಸುವ ಕೌಂಟರ್. ಬಿಸಿಲಲ್ಲಿ ದುಡಿದು ನೀರು ಕುಡಿಯದವನ ಮೂತ್ರ ಗಾಢ ಹಳದಿ. ಆ ಬಣ್ಣ ಬೆಳಕನ್ನು ನುಂಗುವುದರಿಂದ ಕೌಂಟ್ ಕಡಿಮೆ ತೋರುತ್ತದೆ, ಅದಕ್ಕೆ ತಿದ್ದುಪಡಿ ಹಾಕಬೇಕು. ಹೊಸಬರು ಎಡವುವುದು ಇಲ್ಲೇ. ಲೆಕ್ಕ ಮಾತ್ರ ಸರಳ. ಲೀಟರ್ ಮೂತ್ರದಲ್ಲಿ ಒಂದು ಮೆಗಾಬೆಕರೆಲ್ (ವಿಕಿರಣಶೀಲತೆಯ ಅಳತೆ) ಕಂಡರೆ, ದೇಹದ ನೀರು ಸುಮಾರು 42 ಲೀಟರ್ ಎಂದು ಹಿಡಿದರೆ, ಒಳಗಿರುವುದು 42 ಮೆಗಾಬೆಕರೆಲ್. ಒಂದೇ ಸಲಕ್ಕೆ ಹೊಕ್ಕಿದ್ದಾದರೆ ಒಟ್ಟು ಡೋಸ್, ಅಂದರೆ ದೇಹಕ್ಕೆ ತಾಗುವ ವಿಕಿರಣ, ಮುಕ್ಕಾಲು ಮಿಲಿಸೀವರ್ಟ್ ಹತ್ತಿರ. ನೌಕರನೊಬ್ಬನಿಗೆ ಅಣುಶಕ್ತಿ ನಿಯಂತ್ರಣ ಮಂಡಳಿ (ಎಇಆರ್‌ಬಿ) ಇಟ್ಟಿರುವ ಮಿತಿ ಯಾವುದೇ ಒಂದು ವರ್ಷದಲ್ಲಿ 30, ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ದೇಹದೊಳಗಿನ ಟ್ರಿಶಿಯಂ ಹತ್ತು ದಿನಕ್ಕೊಮ್ಮೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ನೀರು ಜಾಸ್ತಿ ಕುಡಿದರೆ ಇನ್ನೂ ಬೇಗ.

ಬಾಟಲಿ ಕೊಡಲು ಹಿಂಜರಿಯುವವರೂ ಇದ್ದರು. ಮಲ್ಲಾಪುರ ಕಡೆಯ ಒಬ್ಬ ಗುತ್ತಿಗೆ ಕಾರ್ಮಿಕ, ಪೈಪ್ ಇನ್ಸುಲೇಷನ್ ಕೆಲಸದವನು, ಶಟ್‌ಡೌನ್ ಹೊತ್ತಿನಲ್ಲಿ ಬಾಟಲಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದ.

"ಸರ್, ಇದ್ರಲ್ಲಿ ಕುಡ್ದದ್ದು ಗೊತ್ತಾಗ್ತದಾ?"

"ಇಲ್ಲ ಮಾರಾಯ. ನೀನು ಏನು ಕುಡೀತೀಯ ಅನ್ನೋದು ನನಗೆ ಬೇಡ. ಪ್ಲಾಂಟ್ ನಿನಗೆ ಏನು ಕುಡಿಸಿದೆ ಅಂತ ನೋಡ್ತೇನೆ."

ಅವನು ನಕ್ಕು ಬಾಟಲಿ ಕೊಟ್ಟ. ಮುಂದಿನ ವಾರದಿಂದ ತನ್ನ ಗ್ಯಾಂಗಿನವರನ್ನೂ ಕರೆದುಕೊಂಡು ಬರುತ್ತಿದ್ದ. ಆ ನಂಬಿಕೆ ಇಲ್ಲದಿದ್ದರೆ ನಮ್ಮ ವ್ಯವಸ್ಥೆ ಅರ್ಧ ಕುರುಡು. ಅದಕ್ಕೇ ನಾನು ಫಲಿತಾಂಶವನ್ನು ಕಾರ್ಮಿಕನಿಗೇ ಮೊದಲು ಹೇಳುತ್ತಿದ್ದೆ, ಅವನ ಮೇಸ್ತ್ರಿಗಲ್ಲ.

2009ರ ನವೆಂಬರಿನಲ್ಲಿ ನಾನು ಬೇರೊಂದು ಸ್ಥಾವರದಲ್ಲಿದ್ದೆ. ಕೈಗಾದಿಂದ ಸುದ್ದಿ ಬಂತು: ಕುಡಿಯುವ ನೀರಿನ ಕೂಲರೊಂದರಲ್ಲಿ ಟ್ರಿಶಿಯಂ, ಐವತ್ತಕ್ಕೂ ಹೆಚ್ಚು ನೌಕರರ ದೇಹದಲ್ಲಿ ಅದರ ಗುರುತು. ಯಾರೋ ಬೇಕೆಂದೇ ಮಾಡಿದ್ದು ಎಂದು ಆಗಿನ ಅಣುಶಕ್ತಿ ಆಯೋಗದ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಬಹಿರಂಗವಾಗಿಯೇ ಹೇಳಿದರು. ದೇಶವೆಲ್ಲ ಕಾವಲು ಎಲ್ಲಿ ತಪ್ಪಿತು ಎಂದು ಕೇಳುತ್ತಿತ್ತು. ನಮ್ಮ ಲ್ಯಾಬಿನಲ್ಲಿ ನಾವು ಕೇಳಿಕೊಂಡ ಪ್ರಶ್ನೆ ಬೇರೆ: ಇದು ಗೊತ್ತಾದದ್ದು ಹೇಗೆ? ಯಾವ ಕ್ಯಾಮೆರಾದಿಂದಲೂ ಅಲ್ಲ, ಎಂದಿನ ಮೂತ್ರ ಪರೀಕ್ಷೆಯಿಂದ. ರಿಯಾಕ್ಟರ್ ಕೆಲಸಕ್ಕೆ ಸಂಬಂಧವೇ ಇಲ್ಲದಂತೆ ಕೌಂಟ್ ಏರಿದ್ದನ್ನು ಯಾರೋ ಗಮನಿಸಿದರು, ಗಮನಿಸಿ ಸುಮ್ಮನಾಗದೆ ಬೆನ್ನು ಹತ್ತಿದರು. ಐದು ವರ್ಷದ ನಂತರ, 2014ರ ಆಗಸ್ಟ್‌ನಲ್ಲಿ, ಬೆಲ್ಜಿಯಂನ ಡೂಲ್ ಸ್ಥಾವರದ ನಾಲ್ಕನೇ ಘಟಕದಲ್ಲಿ ಯಾರೋ ಟರ್ಬೈನಿನ ತೈಲವನ್ನೆಲ್ಲ ಖಾಲಿ ಬಿಟ್ಟರು. ಟರ್ಬೈನ್ ಹಾಳಾಗಿ ಘಟಕ ತಿಂಗಳುಗಟ್ಟಲೆ ನಿಂತಿತು. ಅದೂ ಒಳಗಿನವರದೇ ಕೆಲಸ ಎಂಬ ಬಲವಾದ ಶಂಕೆ ಎದ್ದಿತು.

ಕೈಗಾದ ಆ ಸುದ್ದಿಯ ಮೇಲೆ ನಾನು ನನ್ನ ಪದ್ಧತಿಯನ್ನು ಬದಲಿಸಿದೆ. ಮೊದಲು ಕೌಂಟ್ ಜಾಸ್ತಿ ಬಂದವರ ಪಟ್ಟಿ ಮಾಡುತ್ತಿದ್ದೆವು. ಆಮೇಲೆ ಕೌಂಟ್ ಬರಬಾರದವರ ಪಟ್ಟಿಯನ್ನೂ ಮಾಡತೊಡಗಿದೆ. ರಿಯಾಕ್ಟರ್ ಕಟ್ಟಡಕ್ಕೆ ಕಾಲಿಡದ ಗುಮಾಸ್ತ, ಕ್ಯಾಂಟೀನ್ ಹುಡುಗ, ಹೊರಗಿನ ವರ್ಕ್‌ಶಾಪಿನ ವೆಲ್ಡರ್. ಇವರಲ್ಲಿ ಯಾರ ಮಾದರಿಯಲ್ಲಾದರೂ ಹಿನ್ನೆಲೆ ಕೌಂಟಿಗಿಂತ ತುಸು ಮೇಲೆ ಕಂಡರೆ ಆ ಸಂಖ್ಯೆ ಡೋಸ್ ಮಿತಿಯ ಲೆಕ್ಕದಲ್ಲಿ ಏನೂ ಅಲ್ಲ, ನನ್ನ ಲೆಕ್ಕದಲ್ಲಿ ಮಾತ್ರ ಅಂದೇ ಫೋನ್ ಮಾಡುವ ವಿಷಯ. ತಿಂಗಳ ವರದಿಗೆ ಕಾಯುವ ಹಾಗಿಲ್ಲ. ಎರಡನೆಯದು ಭಾರಜಲದ ಮಾದರಿಗಳು. ಪರೀಕ್ಷೆಗೆ ತೆಗೆದ ಪ್ರತಿ ವಯಲನ್ನು ಯಾರು ತೆಗೆದರು, ಯಾರ ಕೈಗೆ ಕೊಟ್ಟರು, ಉಳಿದದ್ದನ್ನು ಎಲ್ಲಿ ಸುರಿದರು ಎಂಬುದಕ್ಕೆ ಮೂರು ಸಹಿ. "ಇಷ್ಟು ಚಿಕ್ಕ ಬಾಟಲಿಗೆ ಇಷ್ಟೊಂದು ಕಾಗದವಾ" ಎಂದು ಕೆಮಿಸ್ಟ್ರಿಯ ಗೆಳೆಯರು ಗೊಣಗಿದರು. ಗೊಣಗಿದರೂ ಸಹಿ ಮಾಡಿದರು.

ಕೈಗಾಕ್ಕೆ ವರ್ಗವಾಗಿ ಬಂದ ಮೇಲೆ ನನ್ನ ಪಾಲಿಗೆ ಬಳಸಿದ ಇಂಧನದ ಬೇ, ಅಂದರೆ ಅದನ್ನು ನೀರಿನಡಿ ಇಡುವ ಕೊಳ, ಕೂಡ ಬಂತು. ಇಂಧನ ಬಂಡಲ್ ಎಂದರೆ ಅರ್ಧ ಮೀಟರ್ ಉದ್ದ, ಹದಿನಾರೂವರೆ ಕಿಲೋ ತೂಕ, 19 ಕಡ್ಡಿಗಳ ಕಟ್ಟು. ಒಂದು ರಿಯಾಕ್ಟರಿನಲ್ಲಿ 306 ಚಾನೆಲ್, ಚಾನೆಲಿಗೆ 12 ಬಂಡಲ್, ಒಟ್ಟು 3672. ನೈಸರ್ಗಿಕ ಯುರೇನಿಯಂ ಬೇಗ ಸೋಲುವುದರಿಂದ ರಿಯಾಕ್ಟರ್ ಓಡುತ್ತಿರುವಾಗಲೇ ಇಂಧನ ಬದಲಿಸುತ್ತಾರೆ. ಕೈಗಾದ ಒಂದನೇ ಘಟಕ 2018ರಲ್ಲಿ ಸತತ 962 ದಿನ ಓಡಿ ವಿಶ್ವದಾಖಲೆ ಮಾಡಲು ಇದೂ ಒಂದು ಕಾರಣ. ಆದರೆ ಕಾವಲಿನವನ ಕಣ್ಣಿಂದ ನೋಡಿದರೆ ಇದರ ಅರ್ಥ ಬೇರೆ. ಬೇರೆ ಬಗೆಯ ರಿಯಾಕ್ಟರಿನಲ್ಲಿ ವರ್ಷಕ್ಕೋ ಒಂದೂವರೆ ವರ್ಷಕ್ಕೋ ಒಮ್ಮೆ ಮುಚ್ಚಳ ತೆಗೆದು ಇಂಧನ ಎಣಿಸಿದರಾಯಿತು. ನಮ್ಮಲ್ಲಿ ಒಂದೊಂದು ಘಟಕದಿಂದ ಸರಾಸರಿ ದಿನಕ್ಕೆ ಎಂಟರಷ್ಟು ಬಂಡಲ್ ಹೊರಬರುತ್ತಲೇ ಇರುತ್ತವೆ. ಲೆಕ್ಕ ಎಂದೂ ನಿಲ್ಲುವುದಿಲ್ಲ.

ಪ್ರತಿ ಬಂಡಲಿಗೆ ನಂಬರ್ ಇದೆ. ಆದರೆ ಟ್ರೇಗಳಲ್ಲಿ ಜೋಡಿಸಿ ನೀರಿನಡಿ ಒಂದರ ಮೇಲೊಂದು ಇಟ್ಟ ಮೇಲೆ ಎಲ್ಲವನ್ನೂ ಓದಿ ನೋಡಲಾಗದು. ಎಣಿಕೆ ಇಂಧನ ವಿಭಾಗದವರ ಜವಾಬ್ದಾರಿ, ನನ್ನದು ವಿಕಿರಣದ ಸರ್ವೆ. ಆದರೂ ನಾನೊಂದು ಅಭ್ಯಾಸ ಇಟ್ಟುಕೊಂಡಿದ್ದೆ. ಟ್ರೇ ಕದಲಿದ ದಿನ ಕ್ರೇನಿನ ಲಾಗ್, ಬೇ ಪಕ್ಕದ ಏರಿಯಾ ಮಾನಿಟರಿನ ದಾಖಲೆ, ಇಂಧನದವರ ರಿಜಿಸ್ಟರ್ ಮೂರನ್ನೂ ಪಕ್ಕಪಕ್ಕ ಇಟ್ಟು ಓದುತ್ತಿದ್ದೆ. ಮೂರೂ ಒಂದೇ ಕಥೆ ಹೇಳಬೇಕು. ಬೇ ನೀರಿನ ಕಥೆಯೂ ಹಾಗೆಯೇ. ಎಷ್ಟು ಆವಿಯಾಯಿತು, ಎಷ್ಟು ತುಂಬಿಸಿದರು, ಸೀಸಿಯಂ-137 ಏರಿದೆಯೇ. ಸೀಸಿಯಂ ಏರಿದರೆ ಎಲ್ಲೋ ಒಂದು ಕಡ್ಡಿಯ ಕವಚ ಬಿರುಕು ಬಿಟ್ಟಿದೆ ಎಂದೇ ಲೆಕ್ಕ. 2011ರ ಮಾರ್ಚ್‌ನಲ್ಲಿ ಫುಕುಶಿಮಾದ ನಾಲ್ಕನೇ ಘಟಕದ ಇಂಧನ ಕೊಳದಲ್ಲಿ ನೀರು ಬತ್ತಿರಬಹುದು ಎಂದು ಜಗತ್ತು ಬೆಚ್ಚಿತ್ತು. ಬತ್ತಿರಲಿಲ್ಲ, ಆದರೆ ಖಚಿತವಾಗಿ ಹೇಳುವ ಅಳತೆ ಆ ದಿನಗಳಲ್ಲಿ ಯಾರ ಕೈಯಲ್ಲೂ ಇರಲಿಲ್ಲ. ಅದಾದ ಮೇಲೆ ನಮ್ಮ ಸ್ಥಾವರಗಳಲ್ಲಿ ಹೊರಗಿನಿಂದ ನೀರು ಹಾಯಿಸುವ ಜೋಡಣೆಗಳನ್ನು ಹಾಕಿದರು.

ಬಳಸಿದ ಇಂಧನದ ಬಗ್ಗೆ ಹೆಚ್ಚಿನವರು ಯೋಚಿಸದ ಒಂದು ಸಂಗತಿ ಹೇಳಬೇಕು. ಆಗತಾನೇ ಹೊರಬಂದ ಬಂಡಲಿನ ಹತ್ತಿರ ನೀರಿನ ಮರೆಯಿಲ್ಲದೆ ಹೋದವನು ಬದುಕುವುದಿಲ್ಲ. ಹಾಗಾಗಿ ಅದನ್ನು ಕದಿಯುವುದೆಂಬ ಮಾತೇ ಇಲ್ಲ, ಅದು ತನ್ನನ್ನು ತಾನೇ ಕಾಯುತ್ತದೆ. ವರ್ಷಗಳು ಕಳೆದಂತೆ ಬಿಸಿ ಆರುತ್ತದೆ, ವಿಕಿರಣ ಇಳಿಯುತ್ತದೆ. ಸುರಕ್ಷತೆಯವರಿಗೆ ಅದು ನೆಮ್ಮದಿ. ಅಣುಬಾಂಬಿಗೆ ಬಳಸಬಹುದಾದ ಒಳಗಿನ ಪ್ಲುಟೋನಿಯಂ ಮಾತ್ರ ಇಳಿಯುವುದಿಲ್ಲ, ಅದರ ಅರ್ಧಾಯುಷ್ಯ 24,000 ವರ್ಷ. ಅಂದರೆ ಇಂಧನ ಹಳೆಯದಾದಷ್ಟೂ ಮನುಷ್ಯ ಹಾಕುವ ಕಾವಲು ಬಿಗಿಯಾಗಬೇಕು. ನಾನು ಕಂಡ ಮಟ್ಟಿಗೆ ಕೆಲಸದವರ ಮನಸ್ಸು ಇದಕ್ಕೆ ತದ್ವಿರುದ್ಧ: ಹಳೆಯ ಟ್ರೇ ಎಂದರೆ ಅಸಡ್ಡೆ. ತರಬೇತಿಯಲ್ಲಿ ನಾನು ಅತಿ ಹೆಚ್ಚು ಹೊತ್ತು ಮಾತಾಡಿದ್ದು ಇದರ ಬಗ್ಗೆಯೇ.

ಕೈಗಾದ ಲೆಕ್ಕಕ್ಕೆ ಇನ್ನೊಂದು ತೂಕವಿದೆ. ನಾಗರಿಕ ಮತ್ತು ಸೈನಿಕ ಸ್ಥಾವರಗಳನ್ನು ಬೇರ್ಪಡಿಸುವ 2006ರ ಪ್ರತ್ಯೇಕತಾ ಯೋಜನೆಯಲ್ಲಿ ಭಾರತ 14 ರಿಯಾಕ್ಟರ್‌ಗಳನ್ನು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗೆ ಒಡ್ಡಲು ಒಪ್ಪಿತು. ತಾರಾಪುರದ ಹಳೆಯ ಎರಡು, ರಾವತ್‌ಭಾಟಾ, ನರೋರಾ, ಕಾಕ್ರಾಪಾರ, ಕೂಡಂಕುಳಂ ಅದರಲ್ಲಿವೆ. ಕೈಗಾ ಇಲ್ಲ. ಆ ಸಂಸ್ಥೆಯ ಕೇಂದ್ರವಾದ ವಿಯೆನ್ನಾದಿಂದ ಬಂದು ಇಲ್ಲಿ ಸೀಲು ಹಾಕುವವರು, ಕ್ಯಾಮೆರಾ ಇಡುವವರು ಯಾರೂ ಇಲ್ಲ. ನಮ್ಮ ರಿಜಿಸ್ಟರನ್ನು ಓದುವುದು ನಮ್ಮ ದೇಶದವರೇ. ಹಾಗಿದ್ದಾಗ ಬರೆಯುವವನ ಪ್ರಾಮಾಣಿಕತೆಗೂ ಓದುವವನ ಸ್ವಾತಂತ್ರ್ಯಕ್ಕೂ ಎರಡು ಪಟ್ಟು ಬೆಲೆ.

ಓದುವವರು ಎಂದರೆ ಎಇಆರ್‌ಬಿ, ಅಣುಶಕ್ತಿ ನಿಯಂತ್ರಣ ಮಂಡಳಿ. ತಪಾಸಣೆಗೆ ಬಂದ ತಂಡ ನನ್ನ ಮುಂದೆ ಕೂತಾಗ ನಾನು ಪಾಲಿಸಿದ ನಿಯಮ ಒಂದೇ: ಲಾಗ್ ಬುಕ್ಕನ್ನು ಇದ್ದ ಹಾಗೆ ಮೇಜಿನ ಮೇಲೆ ಇಡುವುದು. ಹೊಡೆದುಹಾಕಿದ ಅಂಕಿ, ಪಕ್ಕದಲ್ಲಿ ಗೀಚಿದ ಷರಾ ಎಲ್ಲವೂ ಇರಲಿ. ತಪಾಸಣೆಗೆಂದು ಫೇರ್ ಕಾಪಿ ಮಾಡಿಸಲು ಒಬ್ಬ ಕಿರಿಯ ಸಹೋದ್ಯೋಗಿ ಹೊರಟಾಗ ಬೇಡವೆಂದೆ. ಒಳ್ಳೆಯ ಇನ್ಸ್‌ಪೆಕ್ಟರ್ ಅಂಕಿಗಳನ್ನು ನೋಡುವುದಿಲ್ಲ, ಶಾಯಿಯನ್ನು ನೋಡುತ್ತಾರೆ. ಇಡೀ ತಿಂಗಳ ಪುಟಗಳು ಒಂದೇ ಪೆನ್ನಿನಲ್ಲಿ ಒಂದೇ ಕೈಬರಹದಲ್ಲಿ ಇದ್ದರೆ ಅಲ್ಲೇ ನಿಲ್ಲುತ್ತಾರೆ. ಅಂಥ ಒಬ್ಬರು ನನ್ನನ್ನು ಕೇಳಿದ್ದು ಹೀಗೆ: "ಈ ಮಾನಿಟರ್ ಕೆಟ್ಟ ಎರಡು ದಿನ ನೀವು ಏನನ್ನು ನಂಬಿಕೊಂಡು ಕೂತಿದ್ದಿರಿ?" ಕೈಮೀಟರಿನ ಸರ್ವೆ ಹಾಳೆ ತೋರಿಸಿದೆ. ಅವರು ಹಾಳೆ ನೋಡಿ ಸುಮ್ಮನಾಗಲಿಲ್ಲ, ಆ ರಾತ್ರಿಪಾಳಿಯ ಹುಡುಗನನ್ನು ಕರೆಸಿ ಎಲ್ಲಿ ನಿಂತು ಅಳೆದೆ ಎಂದು ಜಾಗ ತೋರಿಸಲು ಹೇಳಿದರು. ಅವನು ತೋರಿಸಿದ. ಅಂಥ ತಪಾಸಣೆ ನನಗೆ ಇಷ್ಟ.

ಮಂಡಳಿಯ ಸ್ಥಾನಮಾನದ ಬಗ್ಗೆ ನನಗೆ ಬಹುಕಾಲ ಕಸಿವಿಸಿ ಇತ್ತು. 1983ರಲ್ಲಿ ಸರ್ಕಾರಿ ಆದೇಶದಿಂದ ಹುಟ್ಟಿದ ಅದು ವರದಿ ಒಪ್ಪಿಸುತ್ತಿದ್ದುದು ಅಣುಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರೇ ಸ್ಥಾವರಗಳನ್ನು ನಡೆಸುವ ಇಲಾಖೆಯ ಕಾರ್ಯದರ್ಶಿ. 2012ರಲ್ಲಿ ಸಿಎಜಿ ಇದನ್ನು ಎತ್ತಿ ತೋರಿಸಿತು. 2011ರಲ್ಲಿ ಮಂಡಿಸಿದ್ದ ಸ್ವತಂತ್ರ ಪ್ರಾಧಿಕಾರದ ಮಸೂದೆ ಲೋಕಸಭೆಯ ಅವಧಿಯ ಜೊತೆ ಬಿದ್ದುಹೋಯಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ 'ಶಾಂತಿ' (SHANTI) ಎಂಬ ಹೊಸ ಅಣುಶಕ್ತಿ ಕಾಯ್ದೆ ಮಂಡಳಿಗೆ ಕೊನೆಗೂ ಶಾಸನದ ಬಲ ಕೊಟ್ಟಿದೆ. ಅದೇ ಕಾಯ್ದೆ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆದಿದೆ. ನಾನು ಕಾಯ್ದೆಯನ್ನು ಸ್ವಾಗತಿಸುತ್ತೇನೆ, ಆದರೆ ಸ್ಥಾವರದ ಮಾಲೀಕರು ಹೆಚ್ಚಾದಂತೆ ರಾತ್ರಿಪಾಳಿಯ ಹುಡುಗನನ್ನು ಕರೆಸಿ ಕೇಳುವ ಇನ್ಸ್‌ಪೆಕ್ಟರುಗಳೂ ಹೆಚ್ಚಾಗಬೇಕು. ಅಂಥವರನ್ನು ಒಂದೆರಡು ವರ್ಷದಲ್ಲಿ ತಯಾರು ಮಾಡಲಾಗದು. ಈಗಿನಿಂದಲೇ ನೇಮಕ ಮಾಡಿ ಓಡುತ್ತಿರುವ ಸ್ಥಾವರಗಳಲ್ಲಿ ಪಾಳಿ ಮಾಡಿಸಬೇಕು.

ಬೇಲಿಯ ಹೊರಗಿನ ಕೆಲಸವನ್ನೂ ನಾನು ಸ್ವಲ್ಪ ಕಾಲ ನೋಡಿದೆ. ರಿಯಾಕ್ಟರ್‌ಗಳು ಶುರುವಾಗುವ ಮೊದಲೇ ಅಲ್ಲಿ ಪರಿಸರ ಸಮೀಕ್ಷೆಯ ಲ್ಯಾಬ್ ಬಂದಿತ್ತು, ಹಾಗಾಗಿ ಹೋಲಿಸಿ ನೋಡಲು ಹಳೆಯ ಅಂಕಿಗಳಿವೆ. ಕಾಳಿ ನದಿಯ ನೀರು, ಕದ್ರಾ ಜಲಾಶಯದ ಮೀನು, ಹಾಲು, ಅಕ್ಕಿ, ಎಲೆ ಎಲ್ಲದರ ಮಾದರಿ ತರುತ್ತೇವೆ. ಒಮ್ಮೆ ಸುತ್ತಲಿನ ಊರಿನ ಕೆಲವರನ್ನು ಲ್ಯಾಬಿಗೆ ಕರೆದು ಅವರೇ ತಂದ ಮೀನನ್ನು ಡಿಟೆಕ್ಟರಿನಲ್ಲಿಟ್ಟೆ. ಪರದೆಯ ಮೇಲೆ ಎದ್ದು ನಿಂತ ಗೆರೆ ನೋಡಿ ಹಿರಿಯರೊಬ್ಬರು "ನೋಡ್ರಾ, ಇದ್ದೇ ಇದೆಯಲ್ಲ" ಎಂದರು. ಅದು ಪೊಟ್ಯಾಸಿಯಂ-40, ಬಾಳೆಹಣ್ಣಿನಲ್ಲೂ ನಮ್ಮ ಮೈಯಲ್ಲೂ ಇರುವಂಥದ್ದು ಎಂದು ವಿವರಿಸಿದೆ. ಪಕ್ಕದಲ್ಲಿ ಸೀಸಿಯಂ-137ರ ಜಾಗ ತೋರಿಸಿ, ಹಿಂದಿನ ಅಣುಬಾಂಬ್ ಪರೀಕ್ಷೆಗಳ ಶೇಷ ಭೂಮಿಯ ಮೇಲೆಲ್ಲ ತುಸು ಇದೆ, ಅದಕ್ಕಿಂತ ಹೆಚ್ಚು ಕಂಡರೆ ಆಗ ನಮ್ಮನ್ನು ಕೇಳಬೇಕು ಎಂದೆ. ಅವರು ಕೇಳಿದ್ದು ಒಂದೇ: "ಕೇಳ್ಬೇಕಾದ್ರೆ ನಮ್ಗೆ ಈ ಲೆಕ್ಕ ಸಿಗ್ಬೇಕಲ್ಲ, ಎಲ್ಲಿ ಸಿಗ್ತದೆ?"

ಮುಂಬೈಯಿಂದ ಹೊರಡುವ ಇಂಗ್ಲಿಷ್ ವಾರ್ಷಿಕ ವರದಿಯನ್ನು ತೋರಿಸಿ ಆ ಪ್ರಶ್ನೆಗೆ ಉತ್ತರ ಕೊಟ್ಟೆ ಎಂದು ಹೇಳುವ ಧೈರ್ಯ ನನಗಿಲ್ಲ. ಕೈಗಾ 5 ಮತ್ತು 6 ಬರಲಿವೆ, ತಲಾ 700 ಮೆಗಾವ್ಯಾಟ್. ಬೇಯಲ್ಲಿ ಬಂಡಲ್‌ಗಳೂ ಹೆಚ್ಚಾಗುತ್ತವೆ. ಅದಕ್ಕೆ ಮೊದಲು ಮಲ್ಲಾಪುರ, ಕದ್ರಾ ಪಂಚಾಯಿತಿ ಕಚೇರಿಗಳ ಫಲಕದ ಮೇಲೆ ತಿಂಗಳಿಗೊಮ್ಮೆ ಒಂದು ಕನ್ನಡ ಪಟ್ಟಿ ಬೀಳಬೇಕು: ನೀರು, ಮೀನು, ಹಾಲು, ಅಕ್ಕಿ, ಪ್ರತಿಯೊಂದರ ಮುಂದೆ ಈ ತಿಂಗಳ ಅಳತೆ, ರಿಯಾಕ್ಟರ್ ಬರುವ ಮುಂಚಿನ ಅಳತೆ, ಮಿತಿ. ಪಟ್ಟಿಯ ನಮೂನೆಯೊಂದನ್ನು ನಾನೇ ಬರೆದಿಟ್ಟಿದ್ದೇನೆ. ಒಂದೇ ಪುಟ ಸಾಕಾಗುತ್ತದೆ.