ಆಧಾರ್ ಆಮೇಲೆ, ಮೊದಲು ಜಿಲ್ಲಾಧಿಕಾರಿಗಳ ಪ್ರಮಾಣಪತ್ರ

ನಮ್ಮ ಹುಬ್ಬಳ್ಳಿ-ಧಾರವಾಡ ಕಡೆಯ ಟ್ರಾನ್ಸ್ ಹುಡುಗರು ಫೋನ್ ಮಾಡಿದರೆ ಮೊದಲು ಕೇಳುವುದು ಒಂದೇ: "ಅಣ್ಣಾ, ಆಧಾರ್‌ನಾಗ ಹೆಸರು, ಲಿಂಗ ಎಲ್ಲಿ ಬದಲಿ ಮಾಡಸ್ಲಿ?" ನಾನು ಹೇಳುವುದೂ ಒಂದೇ. ಆಧಾರ್ ಸದ್ಯ ಮುಟ್ಟಬೇಡ, ಮೊದಲು ಡಿಸಿ ಆಫೀಸಿನಿಂದ ಲಿಂಗ ಗುರುತಿನ ಪ್ರಮಾಣಪತ್ರ ತಗೋ.

ನಾನು ಟ್ರಾನ್ಸ್ ಗಂಡಸು. ಹುಟ್ಟಿದಾಗ ಹೆಣ್ಣು ಎಂದು ಬರೆಸಿದ್ದರು. ಹುಬ್ಬಳ್ಳಿಯಲ್ಲಿ ಬೈಕ್ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಗಡ್ಡ ಬಂದಿತ್ತು, ದನಿ ಒಡೆದಿತ್ತು, ಕಾರ್ಡಿನಲ್ಲಿ ಮಾತ್ರ ಹಳೆಯ ಹೆಸರು, ಹಳೆಯ ಫೋಟೋ. 2023ರಲ್ಲಿ ಶಕ್ತಿ ಯೋಜನೆ ಬಂದಾಗ ಲಿಂಗತ್ವ ಅಲ್ಪಸಂಖ್ಯಾತರಿಗೂ ಬಸ್ ಉಚಿತವಾಯಿತು. ಆದರೂ ನಾನು ದುಡ್ಡು ಕೊಟ್ಟೇ ಟಿಕೆಟ್ ತೆಗೆಸುತ್ತಿದ್ದೆ. ತುಂಬಿದ ಬಸ್ಸಿನಲ್ಲಿ ಆ ಕಾರ್ಡು ತೋರಿಸುವ ಧೈರ್ಯ ಇರಲಿಲ್ಲ. ಅದೇ ವರ್ಷ ದಾಖಲೆ ಬದಲಿಸಲು ಕೂತೆ. ನನ್ನ ಕೆಲಸ ಆದದ್ದು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆ, ಅದರ 2020ರ ನಿಯಮಗಳು ಆಗ ಇದ್ದ ಪ್ರಕಾರ. ನೀವು ಅರ್ಜಿ ಹಾಕುವ ಹೊತ್ತಿಗೆ ಯಾವ ನಿಯಮ ಇದೆ ಎಂದು ಮೊದಲು ನೋಡಿಕೊಳ್ಳಿ.

ನನ್ನ ಲಿಂಗ ಯಾವುದು ಎಂದು ಹೇಳುವ ಹಕ್ಕು ನನ್ನದೇ, ಅದಕ್ಕೆ ಆಪರೇಷನ್ ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ನಾಲ್ಸಾ ತೀರ್ಪಿನಲ್ಲಿ ಹೇಳಿತ್ತು. ಆಮೇಲೆ ಬಂದ ಕಾಯ್ದೆ ಎರಡು ಮೆಟ್ಟಿಲು ಕಟ್ಟಿತು. ಮೊದಲ ಪ್ರಮಾಣಪತ್ರದಲ್ಲಿ ‘ಟ್ರಾನ್ಸ್‌ಜೆಂಡರ್’ ಎಂದಷ್ಟೇ ಬರುತ್ತಿತ್ತು. ‘ಪುರುಷ’ ಅಥವಾ ‘ಮಹಿಳೆ’ ಎಂದು ಬೇಕಿದ್ದರೆ ಆಸ್ಪತ್ರೆಯ ಪತ್ರ ಇಟ್ಟು ಇನ್ನೊಮ್ಮೆ ಅರ್ಜಿ ಹಾಕಬೇಕಿತ್ತು. ಇದು ನ್ಯಾಯ ಅಲ್ಲ ಎಂದೇ ನನಗೆ ಅನಿಸುತ್ತದೆ. ಆದರೆ ಕೆಲಸ ಆಗಬೇಕಿತ್ತಲ್ಲ, ಹತ್ತಿದೆ.

ಮೊದಲ ಮೆಟ್ಟಿಲು ಅಂದುಕೊಂಡಷ್ಟು ಕಷ್ಟ ಆಗಲಿಲ್ಲ. ಕೇಂದ್ರ ಸರ್ಕಾರದ ಟ್ರಾನ್ಸ್‌ಜೆಂಡರ್ ಪೋರ್ಟಲ್‌ನಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದಿತ್ತು. ಆಗ ವೈದ್ಯಕೀಯ ಪರೀಕ್ಷೆ ಕೇಳುವಂತಿರಲಿಲ್ಲ, ಅಫಿಡವಿಟ್ ಸಾಕಿತ್ತು. ಆದರೆ ಅದೇ ಜಿಲ್ಲೆಯಲ್ಲಿ ಹಿಂದಿನ 12 ತಿಂಗಳು ವಾಸ ಇರಬೇಕಿತ್ತು. ಮನೆ ಬಿಟ್ಟು ಬೆಂಗಳೂರಿಗೆ ಹೋದವರು ಇದನ್ನು ನೆನಪಿಡಿ. ಪ್ರಮಾಣಪತ್ರಕ್ಕೆ ನಿಯಮದಲ್ಲಿ 30 ದಿನದ ಗಡುವಿತ್ತು. ಅರ್ಜಿ ತಿರಸ್ಕರಿಸಿದರೆ 90 ದಿನದೊಳಗೆ ಮೇಲ್ಮನವಿ ಹಾಕಬಹುದಿತ್ತು.

ಅಫಿಡವಿಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕೋರ್ಟ್ ಮುಂದಿನ ಟೈಪಿಂಗ್ ಅಂಗಡಿಯವರ ಹತ್ತಿರ ಹೆಸರು ಬದಲಾವಣೆಯ ನಮೂನೆ ತಯಾರಿರುತ್ತದೆ. ಸುಮ್ನೆ ಅದನ್ನೇ ಪ್ರಿಂಟ್ ತೆಗೆದು ಕೊಡುತ್ತಾರೆ. ಅದು ಇದಕ್ಕೆ ಬೇಡ. ನಿಯಮದ ಜೊತೆಗಿರುವ ನಮೂನೆ 2ನ್ನು ನೀವೇ ಒಯ್ದು, ಅದರಲ್ಲಿ ಇದ್ದಂತೆಯೇ ಟೈಪ್ ಮಾಡಿಸಿ. ಹೊಸ ಹೆಸರು ಇಂಗ್ಲಿಷಿನಲ್ಲಿ ಹೇಗೆ, ಕನ್ನಡದಲ್ಲಿ ಹೇಗೆ ಎಂದು ಅವತ್ತೇ ಪಕ್ಕಾ ಮಾಡಿಕೊಳ್ಳಿ. ನಮ್ಮ ಕಡೆ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ ಅಲ್ವಾ? ಶಾಲೆಯಲ್ಲಿ ಅಡ್ಡಹೆಸರು ಕೊನೆಗೆ, ರೇಷನ್ ಕಾರ್ಡಿನಲ್ಲಿ ಅಡ್ಡಹೆಸರೇ ಇಲ್ಲ. ನಾನು ಒಂದು ಹಾಳೆಯಲ್ಲಿ ಬರೆದು ಫೋಟೋ ತೆಗೆದಿಟ್ಟುಕೊಂಡೆ. ಎಲ್ಲ ಕಡೆ ಅದನ್ನೇ ತೋರಿಸಿದೆ.

ಎರಡನೇ ಮೆಟ್ಟಿಲಿನ ವಿಷಯ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಕಾಯ್ದೆಯಲ್ಲಿ ಆಪರೇಷನ್ ಎಂದಿತ್ತು. ಆದರೆ 2020ರ ನಿಯಮಗಳು ವೈದ್ಯಕೀಯ ನೆರವು ಎಂದರೆ ಆಪ್ತಸಮಾಲೋಚನೆ, ಹಾರ್ಮೋನ್ ಚಿಕಿತ್ಸೆ, ಆಪರೇಷನ್ ಎಲ್ಲವೂ ಸೇರುತ್ತದೆ ಎಂದು ಹೇಳಿದ್ದವು. ನನಗೆ ಆಪರೇಷನ್ ಆಗಿರಲಿಲ್ಲ. ಹಾರ್ಮೋನ್ ಪತ್ರದ ಮೇಲೆಯೇ ಅರ್ಜಿ ಹಾಕಿದೆ. ಪತ್ರಕ್ಕೆ ಚಿಕಿತ್ಸೆ ಕೊಟ್ಟ ಡಾಕ್ಟರ ಸಹಿ ಸಾಲುತ್ತಿರಲಿಲ್ಲ, ಆ ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರು ಅಥವಾ ಮುಖ್ಯ ವೈದ್ಯಾಧಿಕಾರಿ ಸಹಿ ಮಾಡಬೇಕಿತ್ತು. ‘ಪುರುಷ’ ಎಂದಿರುವ ಪ್ರಮಾಣಪತ್ರ ಕೈಗೆ ಬಂದ ದಿನ ಅವ್ವನಿಗೆ ಓದಿ ಹೇಳಿದೆ. "ಜೆರಾಕ್ಸ್ ತೆಗಸಿ ಇಡಪಾ, ಹರದ್ ಗಿರದೀತು" ಅಂದಳು.

ಆಧಾರ್ ಮಾಡಿಸಿದ್ದು ಆಮೇಲೆ. ಕಾರಣ ಇಷ್ಟೇ: ಆಧಾರ್‌ನಲ್ಲಿ ಹೆಸರು ಎರಡು ಸಲ ಬದಲಿಸಬಹುದು, ಲಿಂಗ ಒಂದೇ ಸಲ. ಅವಸರಕ್ಕೆ ‘ಟ್ರಾನ್ಸ್‌ಜೆಂಡರ್’ ಎಂದು ಹಾಕಿಸಿ, ನಂತರ ‘ಪುರುಷ’ ಬೇಕು ಎಂದರೆ ದೊಡ್ಡ ಓಡಾಟ. ಯಾರಿಗೆ ‘ಟ್ರಾನ್ಸ್‌ಜೆಂಡರ್’ ಎಂದೇ ಇರಬೇಕೋ ಅವರು ಮೊದಲ ಪ್ರಮಾಣಪತ್ರ ಸಿಕ್ಕ ಕೂಡಲೇ ಹೋಗಬಹುದು. ಅದೂ ಪೂರ್ಣ ಗೌರವದ ಗುರುತೇ. ಆಧಾರ್ ಸರಿಯಾದ ಮೇಲೆ ಪಾನ್, ವೋಟರ್ ಐಡಿ, ಸಿಮ್ ಎಲ್ಲ ಸಲೀಸಾಗಿ ಆದವು.

ತೊಡಕಾದದ್ದು ಒಂದು ಬ್ಯಾಂಕಿನಲ್ಲಿ. ಪಾಸ್‌ಬುಕ್ ನೋಡಿದ ಗುಮಾಸ್ತರು, "ಈ ಅಕೌಂಟ್ ನಿಮ್ಮ ತಂಗೀದೇನ್ರೀ? ಅಕೀನ್ನ ಕರ್ಕೊಂಡ್ ಬರ್ರಿ" ಅಂದರು. ಹಿಂದೆ ಸಾಲು ನಿಂತಿತ್ತು. ಅಲ್ಲಿ ಏನೂ ವಿವರಿಸಲಿಲ್ಲ. ಮ್ಯಾನೇಜರ್ ಕೋಣೆಗೆ ಹೋಗಿ ಕೂತು ಪ್ರಮಾಣಪತ್ರ, ನಿಯಮದ ಪ್ರತಿ ಮುಂದಿಟ್ಟೆ. ಬದಲಿಸಬೇಕಾದ ದಾಖಲೆಗಳ ಪಟ್ಟಿಯಲ್ಲಿ ಪಾಸ್‌ಬುಕ್ ಕೂಡ ಇದೆ. ಅರ್ಜಿ ಕೊಟ್ಟ 15 ದಿನದಲ್ಲಿ ಬದಲಿಸಬೇಕು, ದಾಖಲೆಯ ಹಳೆಯ ನಂಬರೇ ಮುಂದುವರಿಯಬೇಕು ಎಂದೂ ಇದೆ. ಹೊಸ ಖಾತೆ ತೆಗೆಯಿರಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ಖಾತೆಯಲ್ಲಿದ್ದದ್ದು ನನ್ನ ದುಡಿಮೆ, ನಾನು ಯಾಕೆ ಬಿಡಲಿ? ಅರ್ಜಿ ಕೊಟ್ಟಲ್ಲೆಲ್ಲ ಇನ್ನೊಂದು ಪ್ರತಿಯ ಮೇಲೆ ತಾರೀಖು, ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನ "ನಾಳೆ ಬರ್ರಿ" ನಿಲ್ಲುವುದು ಆ ಸೀಲಿನಿಂದಲೇ.

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಜನನ ಪ್ರಮಾಣಪತ್ರ ಬಾಕಿ ಇವೆ. ಜನನ ನೋಂದಣಿ ವಿಷಯದಲ್ಲಿ 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ನಮ್ಮ ಪರವಾಗಿ ಆದೇಶ ಕೊಟ್ಟಿದೆ. ಹಳೆಯ ಹೆಸರು-ಲಿಂಗ, ಹೊಸ ಹೆಸರು-ಲಿಂಗ ಎರಡನ್ನೂ ದಾಖಲಿಸಿ ಪ್ರಮಾಣಪತ್ರ ಕೊಡಬೇಕು ಎಂದಿದೆ. ಹಳೆಯ ಹೆಸರು ಅದರಲ್ಲಿ ಉಳಿಯುವುದು ನನಗೆ ಇಷ್ಟವಿಲ್ಲ. ಆದರೂ ಆ ಆದೇಶದ ಪ್ರತಿ ಜೊತೆಗಿಟ್ಟು ಅರ್ಜಿ ಹಾಕುತ್ತೇನೆ.